ಏಳನೇ ಸಾಲಿನ ಹೆಂಗಸು

"ನಾಲ್ಕೂ ಹೆಂಗಸರು ಗಂಡಸರಾಗಿದಾರೆ, ಸಾರ್!"

ಪಂಕಜಾಳ ಧ್ವನಿ ಕೀರಲಾಗಿತ್ತು. ಪತ್ತೇದಾರ ಶೆಟ್ಟೆಪ್ಪ ಬಾಯಿಗೆ ಹಾಕಬೇಕೆಂದಿದ್ದ ಅಡಿಕೆ ಹೋಳನ್ನು ಕೈಯಲ್ಲೇ ಹಿಡಿದು ನಿಂತ.

"ಅಂದ್ರ? ಇದೇನು ಪ್ರಯೋಗಶಾಲಾನೋ, ನಾಟಕ ಕಂಪನಿನೋ?"

"ನೀವೇ ನೋಡಿ."

ಬೆಳಕಿನ ಪೆಟ್ಟಿಗೆಯ ಮೇಲೆ ಪುಣೆಯಿಂದ ಬಂದ ಒಂದು ಎಕ್ಸ್‌ರೇ ಫಿಲ್ಮು ಮಲಗಿತ್ತು. ಅದರಲ್ಲಿ ಎಂಟು ಉದ್ದ ಸಾಲುಗಳು. ಒಂದೊಂದು ಸಾಲೂ ತೀರಿಹೋದ ಒಬ್ಬೊಬ್ಬರ ಮಿದುಳಿನದು. ಎಡಗಡೆಯ ನಾಲ್ಕು ಸಾಲು ಕೊನೆಯವರೆಗೂ ನೆನಪು ಗಟ್ಟಿಯಾಗಿದ್ದವರವು. ಬಲಗಡೆಯ ನಾಲ್ಕು ಮರೆವಿನ ರೋಗದಿಂದ ಸವೆದು ಸತ್ತವರವು. ಹಾಗೆಂದು ಫಿಲ್ಮಿನ ಪ್ಲಾಸ್ಟಿಕ್ ಚೀಲದ ಮೇಲೆ ಅಂಟಿಸಿದ ಚೀಟಿ ಹೇಳುತ್ತಿತ್ತು.

ಐದು ಊರಿನ ಪ್ರಯೋಗಾಲಯಗಳಿಂದ ಇಂಥ ಫಿಲ್ಮುಗಳನ್ನು ಬೇಡಿ ತಂದು, ಒಂದೇ ಅಳತೆಗೆ ಹೊಂದಿಸಿ, ಲೋಕದಲ್ಲಿ ಯಾವ ಸಂಶೋಧಕ ಕೇಳಿದರೂ ಪುಕ್ಕಟೆ ಕೊಡುವ ಸಂಗ್ರಹ ಕಟ್ಟಿದವಳು ಮೈಸೂರಿನ ಈ ಹುಡುಗಿ ಪಂಕಜಾ. ಅದರಲ್ಲಿ ಪುಣೆಯವರ ಫಿಲ್ಮನ್ನು ಬೇಕೆಂದೇ ಕೆಡಿಸಿದಳೆಂಬ ಆರೋಪ ಹೊತ್ತವಳೂ ಇವಳೇ. ಸಂಜೆ ನಾಲ್ಕಕ್ಕೆ ನಿರ್ದೇಶಕ ಡಾಕ್ಟರ್ ರಮಾನಾಥರ ಕೋಣೆಯಲ್ಲಿ ತೀರ್ಮಾನ. ಅಷ್ಟರೊಳಗೆ ಸತ್ಯ ಸಿಗದಿದ್ದರೆ ಅವಳ ಕೆಲಸವೂ ಹೋಗುತ್ತದೆ, ಸಂಗ್ರಹವೂ ಕಸದ ಬುಟ್ಟಿಗೆ.

ಪ್ರಯೋಗಾಲಯವಿದ್ದ ಮುಂಬಯಿ ಕಾಂದಿವಲಿಯ ಆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಆಗಲೇ ಮಧ್ಯಾಹ್ನದ ಊಟದ ಸೈರನ್ನು, ಅಲ್ಲಿನವರ ಭೋಂಗಾ, ಕೂಗಿತ್ತು.

"ನಿಧಾನ ಹೇಳವಾ," ಎಂದ ಶೆಟ್ಟೆಪ್ಪ. "ನಿಮ್ಮ ಜೀನಿಂದು ಮೊದಲನೇ ದಿನ ಹೇಳಿದ್ದು ನೆನಪೈತಿ. ಮನ್ಯಾಗ ಪಾತ್ರಿ ಎಲ್ಲಾ ಇರ್ತಾವು, ಆದ್ರ ದಿನಾ ಒಲಿ ಏರೂವು ಕೆಲವಷ್ಟ. ಯಾವ ಪಾತ್ರಿ ಒಲಿ ಏರೈತಿ ಅಂತ ನೋಡಿದ್ರ ಆ ಮನ್ಯಾಗ ಏನು ನಡದೈತಿ ಗೊತ್ತಾಗ್ತೈತಿ. ಹೌದಿಲ್ಲೊ?"

"ಹೌದು ಸಾರ್. ಒಲೆ ಏರಿದ ಜೀನು ಫಿಲ್ಮಿನ ಮೇಲೆ ಕಪ್ಪು ಪಟ್ಟೆಯಾಗಿ ಕಾಣುತ್ತೆ. ಬೇರೆ ನಾಲ್ಕು ಊರಿನ ಫಿಲ್ಮಲ್ಲೂ ಮರೆವಿನವರ ಸಾಲಲ್ಲಿ ನಮ್ಮ ಜೀನು ಮಂಕಾಗಿದೆ. ಪುಣೆಯದರಲ್ಲಿ ಮಾತ್ರ ತದ್ವಿರುದ್ಧ. ಮರೆವಿನವರಲ್ಲೇ ಕಪ್ಪಗೆ ಹೊಳೀತಿದೆ."

"ಅದು ಹಳೇ ಕಥಿ. ಈ ಗಂಡಸರು ಎಲ್ಲಿಂದ ಬಂದರು?"

"ಬೆಳಿಗ್ಗೆ ನೀವೇ ಕೇಳಿದ್ರಲ್ಲ, ಇವರಲ್ಲಿ ಗಂಡಸರು ಯಾರು ಹೆಂಗಸರು ಯಾರು ಅಂತ."

ಕೇಳಿದ್ದು ನಿಜ. ಸಾಲಾಗಿ ನಿಂತವರನ್ನು ಗುರುತಿಸುವಾಗ ಪತ್ತೇದಾರ ಮೊದಲು ಕೇಳುವುದೇ ಅದನ್ನು. ವಿಜ್ಞಾನ ಗೊತ್ತಿಲ್ಲದ ಶೆಟ್ಟೆಪ್ಪನಿಗೆ ಬೇರೇನು ಕೇಳಬೇಕೆಂದೂ ತೋಚಿರಲಿಲ್ಲ.

"ಗಂಡಸರಲ್ಲಿ ಮಾತ್ರ ಇರೋ ಒಂದು ಜೀನಿದೆ ಸಾರ್. ಹೆಂಗಸರ ಮನೇಲಿ ಆ ಪಾತ್ರೆಯೇ ಇರಲ್ಲ. ತಪಾಸಣೆಗೆ ಅದನ್ನೂ ಫಿಲ್ಮಿನ ಕೆಳಗಡೆ ತೆಗೀರಿ ಅಂತ ಎಲ್ಲ ಊರಿನವರಿಗೂ ಹೇಳಿದ್ದೆ. ಕೊನೇಲಿ ಒಟ್ಟಿಗೆ ಓದೋಣ ಅಂತ ಇಟ್ಟಿದ್ದೆ, ಅಷ್ಟರಲ್ಲಿ ಈ ಗಲಾಟೆ. ಈಗ ಓದಿದೆ." ಅವಳು ಬೆರಳಿಟ್ಟು ತೋರಿಸಿದಳು. "ಮೂರು, ಐದು, ಏಳು, ಎಂಟು. ಚೀಟಿ ಪ್ರಕಾರ ಇವರು ಹೆಂಗಸರು. ನಾಲ್ವರಲ್ಲೂ ಗಂಡಸಿನ ಪಟ್ಟೆ ಕಪ್ಪಗೆ ಬಂದಿದೆ. ಗಂಡಸರು ನಾಲ್ವರಲ್ಲಿ ಎರಡನೆಯವನೊಬ್ಬನನ್ನು ಬಿಟ್ಟರೆ ಉಳಿದವರು ಬರೀ ಬಿಳಿ."

ಬಾಗಿಲ ಬಳಿ ಯಾರೋ ಕೆಮ್ಮಿದರು. ಡಾಕ್ಟರ್ ರಮಾನಾಥ. ದಕ್ಷಿಣ ಕನ್ನಡದವರು. ಆರಡಿ ಆಳು, ಇಸ್ತ್ರಿ ಅಂಗಿ, ಮೂಗಿನ ತುದಿಯ ಮೇಲೆ ಕನ್ನಡಕ.

"ಹಾಗಾದರೆ ಮುಗಿಯಿತಲ್ಲ ಮಾರಾಯ್ರೆ," ಎಂದರು ಅವರು. "ಹೆಸರುಗಳನ್ನು ಅದಲು ಬದಲು ಮಾಡಿದ್ದಕ್ಕೆ ಇದೇ ಸಾಕ್ಷಿ. ಎರಡು ವರ್ಷದ ಹಿಂದೆ ಪುಣೆಯವರು ಇವಳಿಗೆ ಕೆಲಸ ಕೊಡಲಿಲ್ಲ. ಆ ಸಿಟ್ಟು. ಚೀಟಿ ಅಂಟಿಸಿದ್ದು ಯಾರು ಪಂಕಜಾ?"

"ನಾನೇ ಸಾರ್. ಆದರೆ ಪುಣೆಯವರು ಹೇಳಿದ ಕ್ರಮದಲ್ಲೇ..."

"ನಾಲ್ಕು ಗಂಟೆಗೆ ಬನ್ನಿ."

"ಡಾಕ್ಟ್ರೇ!" ಶೆಟ್ಟೆಪ್ಪ ಗುಡುಗಿದ. "ಒಬ್ಬಾಕಿ ಹೊಟ್ಟಿ ಮ್ಯಾಲ ಹೊಡಿಯೂ ಮುಂದ ಗಡಿಯಾರ ಏನ್ ನೋಡ್ತೀರಿ?"

"ಕಿರುಚಬೇಡಿ. ಇಲ್ಲಿ ತಕ್ಕಡಿಗಳಿವೆ, ಅಲುಗಾಡುತ್ತವೆ," ಎಂದು ರಮಾನಾಥ ಹೊರಟೇ ಹೋದರು.

ಪಂಕಜಾ ಸ್ಟೂಲಿನ ಮೇಲೆ ಕುಸಿದಳು. ತಾನೇ ಹುಡುಕಿ ತೆಗೆದ ಸಾಕ್ಷಿ ತನ್ನ ಕುತ್ತಿಗೆಗೇ ಬಂದಿತ್ತು.

"ನಾನು ಹೆಸರು ಬದಲಾಯಿಸಿಲ್ಲ ಸಾರ್. ನಮ್ಮ ಅಜ್ಜಿ ಕೊನೇಗೆ ನನ್ನ ಹೆಸರೇ ಮರೆತುಬಿಟ್ಟರು. ಇಂಥ ಕೆಲಸದಲ್ಲಿ ನಾನು ಸುಳ್ಳು ಹೇಳ್ತೀನಾ?"

ಶೆಟ್ಟೆಪ್ಪ ಉತ್ತರ ಕೊಡುವ ಮೊದಲೇ ಮೆಟ್ಟಿಲಿನಲ್ಲಿ ಬಳೆಗಳ ಸದ್ದಾಯಿತು. ಅದರ ಹಿಂದೆ ಬಂದದ್ದು ಅವನ ಹೆಂಡತಿ ನಾಗವ್ವ. ಕೈಯಲ್ಲಿ ಮೂರು ಅಂತಸ್ತಿನ ಡಬ್ಬಿ, ಬಗಲಲ್ಲಿ ಚೀಲ, ಮುಖದಲ್ಲಿ ಬೆಂಕಿ.

"ಇಲ್ಲೆ ಅದೀರೇನು? ದಾದರದಿಂದ ನಿಂತಕೊಂಡ ಬಂದೀನಿ ಲೋಕಲ್‌ನ್ಯಾಗ! ಮುಂಜಾನೆ ಉಣ್ಣಲಾರದ ಓಡಿ ಬಂದೀರಿ, ಪತ್ತೆ ಹಚ್ಚೂ ಮಂದೀಗೆ ಹೊಟ್ಟಿ ಇರೂದಿಲ್ಲೇನು?"

"ಏ, ಇಲ್ಲಿಗ್ಯಾಕ ಬಂದಿ? ಇದು ಆಫೀಸ್."

"ಆಫೀಸಿನ್ಯಾಗ ರೊಟ್ಟಿ ಮುರಿಯೂದಿಲ್ಲೇನು? ತಂಗಿ, ನೀನೂ ಬಾರವಾ, ಉಣ್ಣು. ರೊಟ್ಟಿಗೆ ಹಚ್ಚಿಕೊಳ್ಳಾಕ ಶೇಂಗಾ ಹಿಂಡಿ ತಂದೀನಿ." ಪಂಕಜಾಳ ಮುಖ ನೋಡಿದ ಕೂಡಲೇ ನಾಗವ್ವ ಅರ್ಧ ರೊಟ್ಟಿ ಅವಳ ಕೈಗಿಟ್ಟಳು. "ಮತ್ತ ಕೇಳ್ರಿಲ್ಲೆ, ನಿಮಗ ಹೊಸಾ ಗಿರಾಕಿ ಸಿಕ್ಕಾಳ. ನಮ್ಮ ಕಡೇದಾಕಿನ. ನನ್ನ ಜೋಡಿನ ಬಂದಾಳ, ವಾಚ್‌ಮನ್ ಒಳಗ ಬಿಡವಲ್ಲ, ಕೆಳಗ ಬಾದಾಮಿ ಗಿಡದ ಬುಡಕ ಕುಂತಾಳ. ರೇಷನ್ ಅಂಗಡ್ಯಾಂವ ಆಕಿಗೆ ಸಕ್ರಿ ಕೊಡವಲ್ಲನಂತ. ಯಾಕಂದ್ರ..."

"ಸಕ್ರಿ ಕೇಸಾ?" ಶೆಟ್ಟೆಪ್ಪನ ಮೂಗು ಕೆಂಪಾಯಿತು. "ಇಲ್ಲೆ ಒಬ್ಬಾಕಿ ಜೀವನ ಮುಳಗಾಕತ್ತೈತಿ, ನೀ ಸಕ್ರಿ ಅಂತಿ!"

"ಪೂರ್ತಿ ಕೇಳ್ರಿ ಮೊದಲ..."

"ಆಮ್ಯಾಲ!"

"ಆಗ್ಲಿ ಬಿಡ್ರಿ. ಆಮ್ಯಾಲ ನೀವಾ ಕೇಳ್ತೀರಿ." ನಾಗವ್ವ ಚೀಲಕ್ಕೆ ಕೈಹಾಕಿದಳು. "ಸಿಟ್ಟು ನನಗೂ ಐತಿ. ನೋಡ್ರಿ ಆ ಸ್ಟುಡಿಯೋದಾಂವ ಏನ್ ಮಾಡ್ಯಾನ. ಬೀಗರಿಗೆ ಕಳಸೂ ಫೋಟೋ ಇದು!"

ಫೋಟೋದಲ್ಲಿ ಶೆಟ್ಟೆಪ್ಪ ಕುರ್ಚಿಯ ಮೇಲೆ ಕುಳಿತಿದ್ದ, ನಾಗವ್ವ ಪಕ್ಕದಲ್ಲಿ ನಿಂತಿದ್ದಳು. ಚೆನ್ನಾಗಿಯೇ ಬಂದಿತ್ತು.

"ಏನಾಗೈತಿ? ನಾ ಸ್ವಲ್ಪ ಕಪ್ಪ ಕಾಣ್ತೀನಿ, ಅಷ್ಟ."

"ನೀವು ಕಪ್ಪನ ಅದೀರಿ. ನನ್ನ ಸೆರಗ ನೋಡ್ರಿ!"

ನೋಡಿದ. ವಿಜಾಪುರ ಕಡೆಯ ಹೆಂಗಸಾದ ನಾಗವ್ವ ಹುಟ್ಟಿದಾಗಿನಿಂದ ಸೆರಗು ಹೊದ್ದದ್ದು ಬಲ ಹೆಗಲಿನ ಮೇಲೆ. ಫೋಟೋದಲ್ಲಿ ಅದು ಎಡ ಹೆಗಲಿನ ಮೇಲಿತ್ತು. ಮೈಸೂರಿನ ಪಂಕಜಾ ಉಟ್ಟಂತೆ.

"ನಮ್ಮವ್ವ ನೋಡಿದ್ರ ಯಾರ ಮನೀ ಹೆಣ್ಮಗಳವಾ ಇಕಿ ಅಂತಾಳ! ಕೇಳಿದ್ರ ಆ ಸ್ಟುಡಿಯೋದಾಂವ ನಗ್ತಾನ. ನೆಗೆಟಿವ್ ತಿರುವಿ ಹಾಕಿದ್ನಂತ. ಎಡಾ ಬಲಾ ಏನ್ ಫರಕ್ ಬಾಯಿ, ಮುಖ ಅದೇ ಐತಲ್ಲ ಅಂತಾನ!"

ಪಂಕಜಾ ಎಷ್ಟೋ ದಿನದ ಮೇಲೆ ಕಿಸಕ್ಕನೆ ನಕ್ಕಳು. ಶೆಟ್ಟೆಪ್ಪನೂ ನಗಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು.

ಫೋಟೋದಲ್ಲಿ ಅವನ ಗಡಿಯಾರ ಬಲಗೈಯಲ್ಲಿತ್ತು. ಅಂಗಿಯ ಕಿಸೆ ಬಲ ಎದೆಗೆ ಹೋಗಿತ್ತು. ನಾಗವ್ವ ನಿಂತದ್ದು ಅವನ ಎಡಕ್ಕೆ, ಚಿತ್ರದಲ್ಲಿ ಅವನ ಬಲಕ್ಕೆ. ಯಾರ ಮುಖವೂ ಬದಲಾಗಿರಲಿಲ್ಲ. ಯಾರೂ ಏನನ್ನೂ ಅಳಿಸಿರಲಿಲ್ಲ. ಆದರೂ ಎಲ್ಲವೂ ತಪ್ಪಾಗಿತ್ತು.

ಅವನು ರೊಟ್ಟಿ ಕೆಳಗಿಟ್ಟು, ಪುಣೆಯ ಫಿಲ್ಮಿನ ಚೀಲ ಎತ್ತಿಕೊಂಡು ಗೋಡೆಯ ಬಳಿ ಹೋದ. ಅಲ್ಲಿ ಕಂಬಿಗೆ ಉಳಿದ ನಾಲ್ಕು ಊರಿನ ಫಿಲ್ಮುಗಳ ಚೀಲಗಳು ತೂಗುಬಿದ್ದಿದ್ದವು; ಇದನ್ನೂ ಅವುಗಳ ಸಾಲಿಗೆ ಸಿಕ್ಕಿಸಿದ. ಒಂದೊಂದು ಫಿಲ್ಮಿನ ಮೇಲ್ಗಡೆಯ ಒಂದು ಮೂಲೆ ಕತ್ತರಿಸಿತ್ತು.

"ತಂಗಿ, ಈ ಮೂಲಿ ಯಾಕ ಕತ್ತರಸ್ತೀರಿ?"

"ಗುರುತಿಗೆ ಸಾರ್. ಫಿಲ್ಮು ಎರಡೂ ಕಡೆ ಒಂದೇ ಥರ ಕಾಣುತ್ತೆ. ಕತ್ತಲೆ ಕೋಣೇಲಿ ಎಡ ಯಾವುದು ಬಲ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ ಬಲ ಮೂಲೆ ಕತ್ತರಿಸಿಟ್ಟುಕೊಳ್ತೀವಿ."

"ಐದೂ ಊರಿನವರು ಬಲ ಮೂಲಿನ ಕತ್ತರಸ್ತಾರೇನು?"

ಪಂಕಜಾ ಕತ್ತೆತ್ತಿ ಕಂಬಿಯತ್ತ ನೋಡಿದಳು. ಐದರಲ್ಲೂ ಮೂಲೆ ಬಲಕ್ಕೇ ಇತ್ತು.

"ಸೆರಗು ಊರಿಗೊಂದ್ ಕಡೆ ಹೊದೀತಾರ. ಇಲ್ಲೆ ಐದು ಊರಿನ ಫಿಲ್ಮು ಸಾಲಿ ಹುಡುಗರಂಗ ಒಂದಾ ಕಡೆ ಮೂಲಿ ಮಾಡಿ ನಿಂತಾವು. ನನಗ ಯಾಕೋ ನಂಬಿಕಿ ಬರವಲ್ದು. ಚೀಲದಾಗ ಹಾಕಿದವರು ಯಾರು?"

"ಸೀತಾರಾಮ. ನಮ್ಮ ಡಾರ್ಕ್‌ರೂಮ್ ನೋಡಿಕೊಳ್ಳೋರು." ಅವಳು ಎದ್ದು ನಿಂತಿದ್ದಳು. "ಬಂದ ಹಾಗೇ ಹಾಕಿ ಅಂತ ಹೇಳಿದ್ದೆ..."

"ನಡಿ. ನಾಲ್ಕು ಗಂಟಿ ತನಾ ಯಾಕ ಕಾಯೂದು?"

ರಮಾನಾಥರ ಕೋಣೆಗೆ ನಾಲ್ವರು ಒಟ್ಟಿಗೆ ನುಗ್ಗಿದರು. ಪಂಕಜಾಳ ಕೈಯಲ್ಲಿ ಫಿಲ್ಮು, ನಾಗವ್ವನ ಕೈಯಲ್ಲಿ ಡಬ್ಬಿ, ಶೆಟ್ಟೆಪ್ಪನ ಕೈಯಲ್ಲಿ ಸೀತಾರಾಮನ ರಟ್ಟೆ.

ಸೀತಾರಾಮ ಬೆಂಗಳೂರಿನವನು. ಮುಂಬಯಿಗೆ ಬಂದು ತಲೆ ನರೆಯುವಷ್ಟು ಕಾಲವಾಗಿತ್ತು. ಬೈತಲೆ ಸ್ಕೇಲು ಹಿಡಿದು ತೆಗೆದಂತಿತ್ತು, ಕಿಸೆಯಲ್ಲಿ ಪೆನ್ನುಗಳು ಎತ್ತರದ ಪ್ರಕಾರ ನಿಂತಿದ್ದವು. ಒಳಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ನಿರ್ದೇಶಕರ ಮೇಜಿನ ಮೇಲೆ ಓರೆಯಾಗಿದ್ದ ಕಾಗದದ ಕಟ್ಟನ್ನು ನೆಟ್ಟಗೆ ಮಾಡಿದ್ದು.

ಶೆಟ್ಟೆಪ್ಪ ಅದನ್ನು ನೋಡಿದ. ಅವನಿಗೆ ಅರ್ಧ ಉತ್ತರ ಸಿಕ್ಕಿತು.

"ಎಂತ ಇದು, ಮೆರವಣಿಗೆಯಾ?" ಎಂದರು ರಮಾನಾಥ.

"ಸೀತಾರಾಮ್, ಪುಣೆ ಫಿಲ್ಮನ್ನ ಚೀಲಕ್ಕ ಹಾಕಿದ್ದು ನೀವಾ?"

"ಹೌದು ಸರ್, ಎಲ್ಲಾನೂ ನಾನೇ."

"ಬಂದಾಗ ಅದರ ಮೂಲಿ ಯಾವ ಕಡೆ ಇತ್ತು?"

"ಅದೊಂದು ಉಲ್ಟಾ ಇತ್ತು ಸರ್." ಸೀತಾರಾಮನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ಎಲ್ಲಾದರ ಮೂಲೆ ಬಲಗಡೆ, ಅದೊಂದು ಎಡಗಡೆ. ಕಂಬಿ ಮೇಲೆ ಹಾಕಿದ್ರೆ ಛೆ, ಎಷ್ಟು ಖರಾಬ್ ಕಾಣ್ತಿತ್ತು. ತಿರುಗಿಸಿ ಬರಾಬರ್ ಮಾಡ್ದೆ."

"ಬರಾಬರ್ ಮಾಡಿದ್ರಿ!" ಶೆಟ್ಟೆಪ್ಪ ಮೇಜು ಗುದ್ದಿದ. ನೆಟ್ಟಗಿದ್ದ ಕಾಗದವೆಲ್ಲ ಹಾರಿತು. "ನಿಮ್ಮ ಬರಾಬರಿಗೆ ಈ ಹುಡುಗಿ ಕುತ್ತಿಗಿ ಹೋಗೂದಿತ್ತಲ್ರೀ!"

ಸೀತಾರಾಮನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ರಮಾನಾಥರಿಗೆ. ಫಿಲ್ಮು ಮಗುಚಿದರೆ ಒಂದನೇ ಸಾಲು ಎಂಟನೆಯದಾಗುತ್ತದೆ, ಚೀಲದ ಮೇಲಿನ ಚೀಟಿ ಮಾತ್ರ ಇದ್ದಲ್ಲೇ ಇರುತ್ತದೆ. ಅವರ ಕೈ ತಾನಾಗಿಯೇ ಟೆಲಿಫೋನಿಗೆ ಹೋಯಿತು.

ಪುಣೆಯ ಲೈನು ಸಿಗುವವರೆಗೂ ಸೀತಾರಾಮ ಹಾರಿದ ಕಾಗದಗಳನ್ನು ಹೆಕ್ಕಿ ಮತ್ತೆ ನೆಟ್ಟಗೆ ಜೋಡಿಸಿದ. ಸಿಕ್ಕ ಮೇಲೆ ಅಲ್ಲಿನ ಮುಖ್ಯಸ್ಥರ ಕೂಗು ರಿಸೀವರಿನಿಂದ ಹೊರಗೂ ಕೇಳಿಸುವಂತಿತ್ತು. ರಮಾನಾಥ ಒಂದೇ ಪ್ರಶ್ನೆ ಕೇಳಿದರು. ಉತ್ತರವೂ ಒಂದೇ. ಎಡ ಮೂಲೆ. ಅವರಲ್ಲಿ ಮೊದಲಿನಿಂದಲೂ ಎಡ ಮೂಲೆಯೇ. ಅದನ್ನೂ ಕೇಳಬೇಕೇ ಎಂದು ಬೇರೆ ಬೈದರು.

ಪಂಕಜಾ ಫಿಲ್ಮನ್ನು ಚೀಲದಿಂದ ತೆಗೆದು, ಮಗುಚಿ, ಮತ್ತೆ ಚೀಲಕ್ಕೆ ಹಾಕಿದಳು. ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದಳು.

ನೆನಪು ಗಟ್ಟಿಯಿದ್ದವರ ಸಾಲುಗಳಲ್ಲಿ ಪಟ್ಟೆ ಕಪ್ಪಗೆ ಹೊಳೆಯಿತು. ಮರೆವಿನವರ ಸಾಲುಗಳಲ್ಲಿ ಮಂಕು.

"ಸಾರ್," ಎಂದಳು ಪಿಸುಗುಟ್ಟಿದಂತೆ. "ಐದೂ ಊರು ಒಂದೇ ಮಾತು ಹೇಳ್ತಿವೆ."

ರಮಾನಾಥ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಆ ಆರಡಿ ಮನುಷ್ಯ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ಹೊಟ್ಟೆ ಕುಣಿಯುವಂತೆ ನಗತೊಡಗಿದರು.

"ಎಂಥ ಮಂಡೆ ಮಾರಾಯ್ರೆ ನಮ್ಮದು! ಐದು ಪ್ರಯೋಗಾಲಯ, ಇಪ್ಪತ್ತು ಪಿಎಚ್‌ಡಿ. ಒಬ್ಬನಿಗೂ ನಿಮ್ಮಲ್ಲಿ ಯಾವ ಮೂಲೆ ಅಂತ ಕೇಳಲಿಕ್ಕೆ ಆಗಲಿಲ್ಲ! ನನಗೂ ಆಗಲಿಲ್ಲ." ನಗು ನಿಲ್ಲಿಸಿ ಎದ್ದು ನಿಂತರು. "ಪಂಕಜಾ, ನಾನು ನಿನ್ನ ಮೇಲೆ ಹಾಕಿದ ಮಾತು ದೊಡ್ಡ ತಪ್ಪು. ಎಲ್ಲರ ಎದುರಿಗೇ ಹೇಳುತ್ತೇನೆ. ಸಂಗ್ರಹ ಇವತ್ತೇ ಬಿಡುಗಡೆ. ಸೀತಾರಾಮ್, ಗೇಟಿನ ಗಾಡಿಯಿಂದ ಎಲ್ಲರಿಗೂ ಬಟಾಟೆ ವಡೆ ತರಿಸಿ."

"ಚಟ್ನಿ ಬ್ಯಾರೆ ಕಟ್ಟಿಸ್ರಿ," ಎಂದಳು ನಾಗವ್ವ. "ಮತ್ತ ನನ್ನ ಫೋಟೋನೂ ತಿರುವಿ ಹಾಕ್ಸಿ ಕೊಡ್ರಿ, ನಿಮಗ ಅಭ್ಯಾಸ ಐತಿ."

ಸೀತಾರಾಮ ಕೂಡ ನಕ್ಕ. ಪಂಕಜಾ ಅಳುತ್ತ ನಗುತ್ತ ನಾಗವ್ವನ ಕೈ ಹಿಡಿದುಕೊಂಡಳು. ಶೆಟ್ಟೆಪ್ಪ ಆಗಿನಿಂದ ಕಿಸೆಯಲ್ಲೇ ಉಳಿದಿದ್ದ ಅಡಿಕೆಯನ್ನು ಕೊನೆಗೂ ಬಾಯಿಗೆ ಹಾಕಿಕೊಂಡ. ವಡೆ ಬಂತು. ಹಸಿಮೆಣಸು ಕಚ್ಚಿ ರಮಾನಾಥರ ಕಣ್ಣಲ್ಲಿ ನೀರು ಬಂತು. ಕಾಂದಿವಲಿಯಲ್ಲಿ ಅಂದು ಅಷ್ಟು ಸುಖವಾಗಿ ತಿಂದವರು ಬೇರೆ ಯಾರೂ ಇರಲಾರರು.

ತಿನ್ನುತ್ತಲೇ ಪಂಕಜಾ ಫಿಲ್ಮಿನ ಕೆಳಗಿನ ಪಟ್ಟೆಗಳನ್ನೂ ಓದುತ್ತಿದ್ದಳು. ಅದು ಅವಳ ಸ್ವಭಾವ.

"ಒಂದು, ಎರಡು, ನಾಲ್ಕು, ಆರು. ಗಂಡಸರು ನಾಲ್ವರೂ ಗಂಡಸರೇ. ಮೂರು, ಐದು, ಎಂಟು, ಹೆಂಗಸರು ಹೆಂಗಸರೇ..." ಅವಳ ಬಾಯಿ ಆಡುವುದು ನಿಂತಿತು. "ಏಳು."

"ಏಳಕ್ಕ ಏನಾತು?" ಎಂದ ಶೆಟ್ಟೆಪ್ಪ.

"ಏಳನೇ ಸಾಲು ಹೆಂಗಸಿನದು ಅಂತ ಚೀಟಿಯಲ್ಲಿದೆ. ಆಗಲೂ ಗಂಡಸಿನ ಪಟ್ಟೆ ಇತ್ತು, ತಿರುಗಿಸಿದ ಮೇಲೂ ಇದೆ. ಎಡಬಲದ ತಪ್ಪಲ್ಲ ಸಾರ್ ಇದು. ಈ ಮಿದುಳು ಹೆಂಗಸಿನದೇ ಅಲ್ಲ."

"ಎಂಟರಲ್ಲಿ ಒಂದು," ಎಂದರು ರಮಾನಾಥ, ಬೇಗನೆ. "ಅದೊಂದು ಸಾಲು ಬಿಟ್ಟುಬಿಡುವ. ಏಳು ಸಾಕು."

"ಸಾಕಾಗಲ್ಲ ಸಾರ್."

"ಈಗಷ್ಟೇ ಕೆಲಸ ಉಳಿದಿದೆ. ಸುಮ್ಮನೆ ಯಾಕೆ..."

"ಯಾರೋ ಎಲ್ಲೋ ಇದನ್ನ ನಂಬಿ ಔಷಧಿ ಹುಡುಕ್ತಾರೆ ಸಾರ್. ಯಾರದು ಅಂತ ನಮಗೇ ಗೊತ್ತಿಲ್ಲದ ಮಿದುಳನ್ನ ಬಚ್ಚಿಟ್ಟು ಸಂಗ್ರಹ ಕೊಡೋದಾದ್ರೆ ನೀವು ಆಗ ನನಗೆ ಅಂದಿದ್ದೇ ನಿಜ ಆಗುತ್ತೆ. ಏಳನೇ ಸಾಲು ಯಾರದು ಅಂತ ತಿಳಿಯೋವರೆಗೂ ನಾನು ಸಹಿ ಹಾಕಲ್ಲ. ಬೇಕಾದರೆ ಕೆಲಸ ತೆಗೀರಿ."

"ಭಲೇ!" ಎಂದು ನಾಗವ್ವ ತೊಡೆ ತಟ್ಟಿದಳು.

ಶೆಟ್ಟೆಪ್ಪ ಮಾತ್ರ ರಮಾನಾಥರ ಮುಖ ನೋಡುತ್ತಿದ್ದ. ಅಲ್ಲಿ ಬೆವರಿತ್ತು. ಮೆಣಸಿನದಲ್ಲ.

"ಡಾಕ್ಟ್ರೇ, ಪುಣೆ ಫಿಲ್ಮಿನ ಏಳನೇ ಸಾಲಿನ ಮ್ಯಾಲ ನಿಮಗ್ಯಾಕ ಇಷ್ಟು ಕಾಳಜಿ?"

ರಮಾನಾಥ ತಿನ್ನುತ್ತಿದ್ದ ವಡೆಯನ್ನು ಪಕ್ಕಕ್ಕೆ ಸರಿಸಿದರು.

"ಆ ಮಿದುಳನ್ನು ಪುಣೆಗೆ ಕಳಿಸಿದ್ದು ನಾನು. ನಮಗೆ ಸಿಕ್ಕಿದ ಮೊದಲನೇ ದಾನ ಅದು. ಧಾರಾವಿಯ ಹೆಂಗಸು. ಚರ್ಮದ ಚೀಲ ಹೊಲಿಯುವ ಮನೆ, ನಿಮ್ಮ ವಿಜಾಪುರದವರೇ. ಮರೆವಿನ ರೋಗ. ಮಗನೇ ಬಂದು ಕೈಮುಗಿದು ಒಪ್ಪಿಗೆ ಕೊಟ್ಟ. ಆ ಹೆಸರು ನಾನು ಮರೆಯಲಿಕ್ಕೆ ಸಾಧ್ಯವಿಲ್ಲ. ಮಲ್ಲಕ್ಕ."

ನಾಗವ್ವನ ಕೈಯಲ್ಲಿದ್ದ ವಡೆ ಬಾಯಿಯ ಹತ್ತಿರವೇ ನಿಂತಿತು.

"ಯಾವ ಮಲ್ಲಕ್ಕ? ಚೀಲ ಹೊಲಿಯೂ ಮಲ್ಲಕ್ಕಾ? ಗಲ್ಲದ ಮ್ಯಾಲ ಹಚ್ಚಿ ಐತಿ, ಆಕಿನಾ?"

"ಹಚ್ಚೆಯ ವಿಷಯ ಮಗ ಹೇಳಿದ್ದ. ಗುರುತಿಗೆ ಬರೆದುಕೊಂಡಿದ್ದೆವು."

"ಆಕಿಗೆ ಮಗಾ ಎಲ್ಲಿಂದ ಬಂದ? ಮೂರೂ ಹೆಣ್ಣ!" ನಾಗವ್ವ ಗಂಡನತ್ತ ತಿರುಗಿದಳು. "ಬಂದಾಗಿಂದ ಬಡಕೊಳ್ಳಾಕತ್ತೀನಿ, ಪೂರ್ತಿ ಕೇಳ್ರಿ ಅಂತ. ರೇಷನ್ ಅಂಗಡ್ಯಾಂವ ಸಕ್ರಿ ಯಾಕ ಕೊಡವಲ್ಲ ಗೊತ್ತೇನು? ನೀ ಸತ್ತೀದಿ, ಕಾರ್ಡಿನ್ಯಾಗ ನಿನ್ನ ಹೆಸರಾ ಇಲ್ಲ ಅಂತಾನಂತ! ಮಲ್ಲಕ್ಕ ಕೆಳಗ ಬಾದಾಮಿ ಗಿಡದ ಬುಡಕ ಕುಂತಾಳ. ಮರೆವಂತ, ಮರೆವು! ಹತ್ತು ವರ್ಷದ ಹಿಂದ ನಾ ಒಯ್ದ ಆಕಿ ಹಿತ್ತಾಳಿ ಚೆಂಬು ಇನ್ನೂ ಕೊಟ್ಟಿಲ್ಲ ಅಂತ ಲೋಕಲ್‌ನ್ಯಾಗ ಬೈಕೋತ ಬಂದಾಳ!"

ಎಲ್ಲರೂ ಕಿಟಕಿಗೆ ನುಗ್ಗಿದರು.

ಕೆಳಗೆ ಮುದುಕಿಯೊಬ್ಬಳು ಬಾದಾಮಿ ಮರದ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅರ್ಧ ತನಗೆ, ಅರ್ಧ ವಾಚ್‌ಮನ್ನಿಗೆ. ಇಬ್ಬರೂ ಗಹಗಹಿಸಿ ನಗುತ್ತಿದ್ದರು. ಸತ್ತವಳ ಲಕ್ಷಣ ಒಂದೂ ಇರಲಿಲ್ಲ.

"ಸಾಧ್ಯವಿಲ್ಲ," ಎಂದರು ರಮಾನಾಥ. "ಹೆಣಕ್ಕೆ ನಾನೇ ಹಾರ ಹಾಕಿದ್ದೇನೆ. ಈ ಕೈಯಿಂದ."

"ಮುಖ ನೋಡಿದ್ರೇನು?" ಶೆಟ್ಟೆಪ್ಪನ ದನಿಯಲ್ಲಿ ಈಗ ಸಿಟ್ಟಿರಲಿಲ್ಲ.

"ಮುಖದ ಮೇಲೆ ಸೆರಗು ಮುಚ್ಚಿತ್ತು. ತೆಗೆಯಬೇಡಿ ಅಂತ ಆ ಮಗ..."

"ಸೆರಗು ಯಾವ ಹೆಗಲಿನ ಮ್ಯಾಲಿಂದ ಬಂದಿತ್ತು? ಛಂದಂಗ ನೆನಸ್ಕೊಂಡು ಹೇಳ್ರಿ."

ರಮಾನಾಥ ಕಣ್ಣು ಮುಚ್ಚಿದರು. ಹಾರ ಹಾಕುವವರಂತೆ ಎರಡೂ ಕೈ ಮುಂದೆ ಚಾಚಿದರು. ಆಮೇಲೆ ಒಂದು ಕೈ, ಹೆಣದ ಹೆಗಲು ಇದೇ ಎಂಬಂತೆ, ನಿಧಾನವಾಗಿ ಬಂದು ಅವರದೇ ಎಡ ಹೆಗಲಿನ ಮೇಲೆ ನಿಂತಿತು.

ಕೆಳಗೆ ಮಲ್ಲಕ್ಕ ಬಲ ಹೆಗಲಿನ ಸೆರಗು ಕೊಡವಿ ಶೇಂಗಾ ಸಿಪ್ಪೆ ಉದುರಿಸಿದಳು.

"ಅಯ್ಯ, ನಮ್ಮ ಮಂದಿ ಹೆಣಕ್ಕೂ ಎಡಸೆರಗು ಹೊದಸೂದಿಲ್ರಿ," ಎಂದಳು ನಾಗವ್ವ.

ಶೆಟ್ಟೆಪ್ಪ ಬಾಗಿಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿದ. ಫಿಲ್ಮನ್ನು ನಿರ್ದೇಶಕರ ಮುಂದಿಟ್ಟು ಏಳನೇ ಸಾಲಿನ ಕಪ್ಪು ಪಟ್ಟೆಯ ಮೇಲೆ ಬೆರಳೂರಿದ.

"ಹಂಗಾರ ಹೇಳ್ರಿ ಡಾಕ್ಟ್ರೇ. ಸೀರಿ ಉಡಿಸಿ ಮಲಗಿಸಿದ್ದ ಯಾವ ಗಂಡಸಿಗೆ ನೀವು ಹಾರ ಹಾಕಿ ಬಂದೀರಿ?"